ಮಲೆನಾಡಿನ ಬಾವಲಿಗಳು ಮತ್ತು ವೈರಸ್‌ಗಳ ಶೋಧ

ಕಾಡಿನ ಬಾವಲಿಗಳ ದೇಹದಲ್ಲಿ ಅದುವರೆಗೆ ಗೊತ್ತಿಲ್ಲದ ವೈರಸ್‌ಗಳನ್ನು ಹುಡುಕುವ ಕೆಲಸ 2003ರ ಸಾರ್ಸ್ ಮತ್ತು 2020ರ ಕೋವಿಡ್ ಪಿಡುಗುಗಳ ತರುವಾಯವಷ್ಟೇ ಜನಸಾಮಾನ್ಯರ ಗಮನಕ್ಕೆ ಬಂದಿತಾದರೂ, ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ಆ ಕೆಲಸಕ್ಕೆ ಅರ್ಧ ಶತಮಾನಕ್ಕೂ ಮೀರಿದ ಹಿನ್ನೆಲೆ ಇದೆ. ಸಾಗರ ಪಟ್ಟಣದಲ್ಲಿ ನೆಲೆಯೂರಿ ಮಂಗನ ಕಾಯಿಲೆಯ ಬೆನ್ನು ಹತ್ತಿದ್ದ ವಿಜ್ಞಾನಿಗಳು ಮಂಗ, ಇಲಿ, ಸುಂಡಿಲಿ, ಹಕ್ಕಿ, ಉಣುಗುಗಳನ್ನು ಪರೀಕ್ಷಿಸುತ್ತ ಹೋದಂತೆ ಬಾವಲಿಗಳನ್ನೂ ಬಿಡದೆ ನೋಡಿದರು ಮತ್ತು ಅವುಗಳಲ್ಲಿಯೂ ಅದೇ ವೈರಸ್ಸನ್ನು ಕಂಡರು. ಆ ಕಾಣ್ಕೆಯ ಅರ್ಥವೇನು, ಬಾವಲಿಯಲ್ಲಿ ವೈರಸ್ ಇರುವುದಕ್ಕೂ ಬಾವಲಿಯಿಂದ ರೋಗ ಬರುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬ ಪ್ರಶ್ನೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನರಿಗೆ ಬೇರೆ ಯಾವ ಸೀಮೆಯ ಜನರಿಗಿಂತಲೂ ಹತ್ತಿರದ್ದು.

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೆಂಪುಮೋರೆಯ ಮಂಗಗಳೂ ಸಾಲುಸಾಲಾಗಿ ಸತ್ತು ಬಿದ್ದುದು, ಅದೇ ಹೊತ್ತಿಗೆ ಸೊರಬ ಮತ್ತು ಸಾಗರ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ಸೆಳೆತ, ಕಣ್ಣು ಕೆಂಪಾಗುವಿಕೆ, ಕೆಲವರಲ್ಲಿ ವಸಡಿನಿಂದಲೂ ಮೂಗಿನಿಂದಲೂ ರಕ್ತಸ್ರಾವ ಕಾಣಿಸಿಕೊಂಡುದು ಸರ್ಕಾರವನ್ನು ಕಳವಳಕ್ಕೀಡುಮಾಡಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಹಳದಿಜ್ವರವೇ ಇರಬಹುದೆಂಬ ಶಂಕೆ ಮೊದಲಿಗೆ ಹುಟ್ಟಿತು, ಏಕೆಂದರೆ ಆ ಜ್ವರ ಭಾರತಕ್ಕೆ ಕಾಲಿಟ್ಟರೆ ಆಗಬಹುದಾದ ಅನಾಹುತದ ಭಯ ಆಗಿನ ವೈದ್ಯಲೋಕವನ್ನು ಆವರಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಪುಣೆಯಲ್ಲಿ ಕಟ್ಟಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದು, ಸತ್ತ ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಸಂಗ್ರಹಿಸಿ ನೋಡಿದಾಗ ಸಿಕ್ಕಿದ್ದು ಹಳದಿಜ್ವರದ ವೈರಸ್ ಆಗಿರದೆ, ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ, ಆದರೆ ಅದಕ್ಕಿಂತ ಬೇರೆಯಾದ, ಜಗತ್ತಿಗೆ ಅಲ್ಲಿಯವರೆಗೆ ಪರಿಚಯವಿರದ ವೈರಸ್ ಆಗಿತ್ತು. ಅದಕ್ಕೆ ಕಾಡಿನ ಹೆಸರೇ ನಿಂತಿತು. ಊರಿನವರ ಬಾಯಲ್ಲಿ ಅದು ಅಂದಿನಿಂದ ಇಂದಿನವರೆಗೂ ಮಂಗನ ಕಾಯಿಲೆ.

ಆ ಕಾಲದಲ್ಲಿ ಹೊಸ ವೈರಸ್ ಒಂದನ್ನು ಗುರುತಿಸುವ ವಿಧಾನ ಇಂದಿನವರಿಗೆ ಅಚ್ಚರಿ ತರುವಷ್ಟು ನಿಧಾನದ್ದು. ವೈರಸ್ ಜೀವಕೋಶದ ಹೊರಗೆ ಬೆಳೆಯಲಾರದಾದ್ದರಿಂದ, ಸಂಗ್ರಹಿಸಿದ ರಕ್ತವನ್ನೋ ಅರೆದ ಅಂಗಾಂಶವನ್ನೋ ಹುಟ್ಟಿ ಎರಡು ಮೂರು ದಿನಗಳಷ್ಟೇ ಆಗಿರುವ ಬಿಳಿ ಇಲಿಮರಿಗಳ ಮಿದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವುದನ್ನು ಕಾದು, ಸತ್ತ ಮರಿಯ ಮಿದುಳಿನಿಂದ ಮತ್ತೊಂದು ಮರಿಗೆ ದಾಟಿಸಿ, ಹೀಗೆ ಸಿಕ್ಕ ವೈರಸ್ಸನ್ನು ಮೊದಲೇ ಗೊತ್ತಿರುವ ವೈರಸ್‌ಗಳ ಪ್ರತಿಕಾಯಗಳೊಡನೆ, ಅಂದರೆ ಸೋಂಕಿಗೆ ಪ್ರತಿಯಾಗಿ ದೇಹ ರಕ್ತದಲ್ಲಿ ತಯಾರಿಸಿಕೊಳ್ಳುವ ರಕ್ಷಕ ಪ್ರೋಟೀನುಗಳೊಡನೆ, ಸೇರಿಸಿ ತಾಳೆ ನೋಡಬೇಕಾಗಿತ್ತು. ಆದರೆ ವೈರಸ್ಸನ್ನು ಗುರುತಿಸಿದ್ದು ಕೆಲಸದ ಮೊದಲ ಹೆಜ್ಜೆ ಮಾತ್ರವಾಗಿತ್ತು. ಅದು ವರ್ಷವಿಡೀ ಎಲ್ಲಿ ತಂಗುತ್ತದೆ, ಯಾವ ದಾರಿಯಿಂದ ಮನುಷ್ಯನಿಗೆ ಬರುತ್ತದೆ, ಮಳೆಗಾಲದಲ್ಲಿ ಮರೆಯಾಗಿ ಚಳಿ ಮುಗಿಯುವ ಹೊತ್ತಿಗೆ ಮತ್ತೆ ಏಕೆ ಕಾಣಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಪುಣೆಯ ಪ್ರಯೋಗಾಲಯದಲ್ಲಿ ಸಿಗುವಂತಿರಲಿಲ್ಲ. ಅದಕ್ಕಾಗಿಯೇ ಸಾಗರದಲ್ಲಿ ಕ್ಷೇತ್ರಕೇಂದ್ರವೊಂದು ನಡೆಯಿತು. ಟ್ರಾಪಿಡೊ, ಹೋರ್ಹೆ ಬೊಶೆಲ್, ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದ ಪಿ. ಕೆ. ರಾಜಗೋಪಾಲನ್ ಮೊದಲಾದವರು ಅಲ್ಲಿಂದ ಕಾಡಿಗೆ ಹೋಗಿ ದರಗೆಲೆಯ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದರು, ಬೋನಿಟ್ಟು ಇಲಿ ಹಿಡಿದರು, ಸತ್ತ ಮಂಗದ ಸುದ್ದಿ ಬಂದಲ್ಲಿಗೆ ನಡೆದು ಹೋದರು.

ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು ಈ ರೋಗದ ಮುಖ್ಯ ವಾಹಕವೆಂದು ತಿಳಿದುಬಂದದ್ದು ಆ ಕ್ಷೇತ್ರಕಾರ್ಯದಿಂದ. ಮಳೆಗಾಲ ಕಳೆದ ಮೇಲೆ ಮೊಟ್ಟೆಯೊಡೆದು ಬರುವ ಆರು ಕಾಲಿನ ಮರಿ ಉಣುಗು ಇಲಿಯಂಥ ಸಣ್ಣ ಪ್ರಾಣಿಯ, ಹಕ್ಕಿಯ ಅಥವಾ ಮಂಗದ ರಕ್ತ ಹೀರಿ ಕೆಳಗುದುರಿ, ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗಿ, ಸಾಸಿವೆ ಕಾಳಿಗಿಂತ ಹಿರಿದಲ್ಲದ ಆ ಹಂತದಲ್ಲಿಯೇ ಡಿಸೆಂಬರ್‌ನಿಂದ ಮೇ ವರೆಗೆ ಮನುಷ್ಯನಿಗೆ ಹತ್ತಿಕೊಳ್ಳುತ್ತದೆ. ಬೆಳೆದ ಉಣುಗು ಹೆಚ್ಚಾಗಿ ದನಕರುಗಳ ಮೇಲೆ ಬಾಳುತ್ತದೆ. ಸೊಪ್ಪು, ದರಗು, ಸೌದೆ ತರಲು ಕಾಡಿಗೆ ಹೋಗುವ ಕಾಲವೂ ಅದೇ ಆಗಿರುವುದು ಮಲೆನಾಡಿನ ಬಡವರ ಪಾಲಿನ ದೌರ್ಭಾಗ್ಯ. ಸೋಂಕಿದ ಮಂಗದ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುವುದರಿಂದ ಮಂಗವನ್ನು ವರ್ಧಕ ಜೀವಿಯೆಂದು ಕರೆಯುತ್ತಾರೆ. ಅದು ಸತ್ತು ಬಿದ್ದಾಗ ಮೈಮೇಲಿನ ಉಣುಗುಗಳೆಲ್ಲ ಅಲ್ಲಿಯೇ ಚೆದುರಿ ಆ ಜಾಗ ಅಪಾಯದ ತಾಣವಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ಜನರ ಬಾಯಲ್ಲಿ ರೋಗಕ್ಕೆ ಹೆಸರು ಕೊಟ್ಟ ಮಂಗ ಹೀಗೆ ರೋಗದ ಮೂಲವಾಗಿರದೆ, ಮನುಷ್ಯನಂತೆಯೇ ಅದರ ಬಲಿಯಾಗಿತ್ತು.

ಹಾಗಾದರೆ ಮಂಗಗಳೂ ಮನುಷ್ಯರೂ ಸೋಂಕಿಲ್ಲದೆ ಇರುವ ತಿಂಗಳುಗಳಲ್ಲಿ ವೈರಸ್ ಎಲ್ಲಿರುತ್ತದೆ ಎಂಬ ಹುಡುಕಾಟವೇ ವಿಜ್ಞಾನಿಗಳನ್ನು ಬಾವಲಿಗಳತ್ತ ಒಯ್ದಿತು. ಕಾಯಿಲೆಯಿಲ್ಲದೆ ವೈರಸ್ಸನ್ನು ಬಹುಕಾಲ ಕಾಪಿಟ್ಟುಕೊಳ್ಳುವ ಜೀವಿಯನ್ನು ವೈರಸ್ಸಿನ ಮೂಲನೆಲೆಯೆಂದು ಕರೆಯುವುದುಂಟು. ಪುಣೆಯ ಅದೇ ಕೇಂದ್ರದ ಖೋರ್ಷೆದ್ ಪವ್ರಿ ಮತ್ತು ಸಹೋದ್ಯೋಗಿ 1965ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪುಣೆಯ ಹತ್ತಿರದ ರೌಸೆಟಸ್ ಲೆಶೆನಾಲ್ಟಿ ಎಂಬ ಹಣ್ಣುತಿನ್ನುವ ಗುಹಾಬಾವಲಿಗಳ ರಕ್ತದಲ್ಲಿ ಮಂಗನ ಕಾಯಿಲೆಯ ವೈರಸ್ಸಿಗೆ ಪ್ರತಿಕಾಯಗಳಿದ್ದವು. ಕ್ಯಾಸನೂರಿನಿಂದ ಅಷ್ಟು ದೂರದಲ್ಲಿ, ಮಂಗನ ಕಾಯಿಲೆಯ ಒಬ್ಬ ರೋಗಿಯೂ ಕಾಣದಿದ್ದ ಪ್ರದೇಶದಲ್ಲಿ ಅವು ಸಿಕ್ಕಿದ್ದವೆಂಬುದು ಗಮನಾರ್ಹ. 1968ರಲ್ಲಿ ಅವರೇ, ಬಾಳೆತೋಟಗಳಲ್ಲಿಯೂ ಮನೆಯಂಗಳದ ಪೇರಲ ಮರಗಳಲ್ಲಿಯೂ ಎಲ್ಲರೂ ಕಾಣುವ ಸಣ್ಣಮೂತಿಯ ಹಣ್ಣುಬಾವಲಿಯಾದ ಸೈನಾಪ್ಟೆರಸ್ ಸ್ಫಿಂಕ್ಸ್‌ನಲ್ಲಿ ಈ ವೈರಸ್ಸಿನ ಸೋಂಕನ್ನು ಅಧ್ಯಯನ ಮಾಡಿ ಬರೆದರು. 1969ರಲ್ಲಿ ರಾಜಗೋಪಾಲನ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ರೈನೊಲೋಫಸ್ ರೌಕ್ಸಿ ಎಂಬ ಕೀಟಭಕ್ಷಕ ಬಾವಲಿಯಿಂದ ವೈರಸ್ಸನ್ನೇ ಬೇರ್ಪಡಿಸಿದರು. ಬಾವಲಿಗಳ ತಂಗುದಾಣದಲ್ಲಿ ಬಾಳುವ ಆರ್ನಿಥೊಡೊರಸ್ ಎಂಬ ಮೆದುಕವಚದ ಉಣುಗುಗಳಿಂದಲೂ ಅದೇ ವೈರಸ್ ಸಿಕ್ಕಿತು. ಪ್ರತಿಕಾಯ ಸಿಕ್ಕರೆ ಪ್ರಾಣಿಗೆ ಹಿಂದೆಂದೋ ಸೋಂಕು ತಗುಲಿತ್ತೆಂದು ಮಾತ್ರ ಹೇಳಬಹುದು, ವೈರಸ್ಸೇ ಸಿಕ್ಕರೆ ಪ್ರಾಣಿಯನ್ನು ಹಿಡಿದ ಹೊತ್ತಿನಲ್ಲಿ ಅದು ಅಲ್ಲಿ ಜೀವಂತವಾಗಿತ್ತೆಂದು ಹೇಳಬಹುದು. ಆದ್ದರಿಂದ 1969ರ ಸಾಕ್ಷ್ಯ ಹಿಂದಿನವಕ್ಕಿಂತ ಗಟ್ಟಿಯಾದುದು.

ಈ ಸಾಕ್ಷ್ಯದ ತೂಕವನ್ನು ಹೆಚ್ಚಿಸಿಯೂ ಹೇಳಬಾರದು, ಕಡೆಗಣಿಸಲೂ ಬಾರದು. ಬಾವಲಿಯನ್ನು ಕಚ್ಚುವ ಮೆದು ಉಣುಗು ಕಾಡಿನ ನೆಲದ ಮೇಲೆ ಓಡಾಡಿ ಮನುಷ್ಯನ ಕಾಲಿಗೆ ಹತ್ತುವ ಜೀವಿಯಲ್ಲ. ಅದು ಬಾವಲಿಗಳ ಬಿಡಾರದ ಸಂದುಗೊಂದಿನಲ್ಲಿಯೇ ಹುಟ್ಟಿ ಅಲ್ಲಿಯೇ ಸಾಯುವಂಥದು. ಆದಕಾರಣ ಬಾವಲಿ ಮತ್ತು ಅದರ ಉಣುಗುಗಳ ನಡುವೆ ವೈರಸ್ಸಿನ ಒಂದು ಒಳಚಕ್ರ, ನೆಲದ ಉಣುಗು, ಇಲಿ, ಮಂಗಗಳ ನಡುವೆ ಇನ್ನೊಂದು ಹೊರಚಕ್ರ ಇರುವುದು ಸಾಧ್ಯ. ಇವೆರಡೂ ಎಲ್ಲಾದರೂ ಕೂಡುತ್ತವೆಯೇ, ಕೂಡಿದರೆ ಯಾವ ಋತುವಿನಲ್ಲಿ, ಯಾವ ಪ್ರಾಣಿಯ ಮೂಲಕ ಎಂಬುದನ್ನು ತಿಳಿಯಲು ಒಂದೇ ಗುಹೆಯ ಬಾವಲಿಗಳನ್ನು ಅನೇಕ ವರ್ಷಗಳವರೆಗೆ ತಿಂಗಳು ತಿಂಗಳೂ ನೋಡುವಷ್ಟು ತಾಳ್ಮೆಯ ಅಧ್ಯಯನ ಬೇಕಾಗುತ್ತದೆ. ವೈರಸ್‌ಗಳ ಪಟ್ಟಿಗೆ ಹೊಸ ಹೆಸರೊಂದನ್ನು ಸೇರಿಸುವುದಕ್ಕಿಂತ ಈ ಬಗೆಯ ತಾಳ್ಮೆಯ ಕೆಲಸವೇ ಮಲೆನಾಡಿಗೆ ಹೆಚ್ಚು ಬೇಕಾದುದು, ಮತ್ತು ಅದಕ್ಕೆ ದೊರೆತ ಗಮನ ತೀರ ಕಡಿಮೆ.

ಮಲೆನಾಡಿನ ಬಾವಲಿಗಳ ಪರಿಚಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಮಾಡಿಕೊಳ್ಳಬೇಕು, ಏಕೆಂದರೆ ಎಲ್ಲ ಬಾವಲಿಗಳನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಭಯ ಹುಟ್ಟುತ್ತದೆ. ಜಗತ್ತಿನಲ್ಲಿ ಸುಮಾರು 1,400 ಜಾತಿಯ ಬಾವಲಿಗಳಿದ್ದು, ಸಸ್ತನಿಗಳಲ್ಲಿ ಐದರಲ್ಲೊಂದು ಪಾಲು ಅವುಗಳದೇ ಆಗಿದೆ. ಭಾರತದಲ್ಲಿಯೇ ನೂರಕ್ಕೂ ಹೆಚ್ಚು ಜಾತಿಗಳಿವೆ. ಊರ ಹೊರಗಿನ ಆಲ, ಗೋಣಿ, ಮಾವಿನ ಮರಗಳಲ್ಲಿ ಹಗಲಿಡೀ ನೂರಾರು ಸಂಖ್ಯೆಯಲ್ಲಿ ತಲೆಕೆಳಗಾಗಿ ನೇತಾಡುವ, ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಅಗಲವಾಗುವ ದೊಡ್ಡ ಬಾವಲಿ ಹಾರುನರಿಯೆಂದು ಹೆಸರಾದುದು. ರೌಸೆಟಸ್ ಗುಹೆಗಳಲ್ಲಿಯೂ ಹಾಳು ಕಟ್ಟಡಗಳಲ್ಲಿಯೂ ಕಿಕ್ಕಿರಿದು ಬಾಳುತ್ತದೆ. ಕವಲೇದುರ್ಗ ಅಥವಾ ಬಿದನೂರು ನಗರದ ಕೋಟೆಗಳಂಥ ಕಲ್ಲಿನ ಅವಶೇಷಗಳು, ಪಾಳುಬಿದ್ದ ಗುಡಿಗಳು, ಜಂಬಿಟ್ಟಿಗೆಯ ಬಿಲಗಳು ಕತ್ತಲೆಯನ್ನು ಬಯಸುವ ಬಾವಲಿಗಳಿಗೆ ಒಗ್ಗುವ ನೆಲೆಗಳು. ರೈನೊಲೋಫಸ್ ರೌಕ್ಸಿ ಇವೆರಡಕ್ಕಿಂತಲೂ ತೀರ ಪುಟ್ಟದು, ಹತ್ತು ಹದಿನೈದು ಗ್ರಾಮು ತೂಗುತ್ತದೆ. ಮೂಗಿನ ಸುತ್ತ ಕುದುರೆಯ ಲಾಳದ ಆಕಾರದ ಚರ್ಮದ ಮಡಿಕೆ ಇರುವುದರಿಂದ ಇದನ್ನೂ ಇದರ ಬಂಧುಗಳನ್ನೂ ಲಾಳಮೂಗಿನ ಬಾವಲಿಗಳೆನ್ನುತ್ತಾರೆ. ಆ ಮಡಿಕೆಯ ಮೂಲಕ ಮನುಷ್ಯನ ಕಿವಿಗೆ ಕೇಳಿಸದ ಎತ್ತರದ ದನಿಯನ್ನು ಹೊರಡಿಸಿ, ಮರಳಿ ಬರುವ ಮಾರ್ದನಿಯಿಂದ ಕತ್ತಲಲ್ಲಿ ಪತಂಗದ ರೆಕ್ಕೆಯ ಬಡಿತವನ್ನೂ ಗುರುತಿಸಿ ಅದು ಬೇಟೆಯಾಡುತ್ತದೆ. ಸಾರ್ಸ್ ವೈರಸ್ಸಿಗೆ ಹತ್ತಿರದ ಕೊರೊನಾವೈರಸ್‌ಗಳು ಚೀನಾದಲ್ಲಿ 2005ರ ಹೊತ್ತಿಗೆ ಸಿಕ್ಕಿದ್ದು ಇದೇ ಕುಲದ ಬೇರೆ ಜಾತಿಗಳಲ್ಲಿ. ಆದರೆ ಒಂದೇ ಕುಲ ಎಂಬುದರಿಂದ ಒಂದೇ ವೈರಸ್ ಎಂದು ಹೇಳಲು ಬರುವುದಿಲ್ಲ.

ಇಷ್ಟು ವೈರಸ್‌ಗಳನ್ನು ಹೊತ್ತೂ ಬಾವಲಿ ಕಾಯಿಲೆ ಬೀಳದಿರುವುದು ಹೇಗೆ ಎಂಬುದಕ್ಕೆ ಹಾರಾಟದಲ್ಲಿಯೇ ಉತ್ತರದ ಒಂದು ಭಾಗವಿದೆ. ಸಸ್ತನಿಗಳಲ್ಲಿ ನಿಜವಾಗಿ ರೆಕ್ಕೆ ಬಡಿದು ಹಾರಬಲ್ಲದ್ದು ಬಾವಲಿಯೊಂದೇ; ಹಾರುವಾಗ ಅದರ ದೇಹ ಸುಡುವ ಶಕ್ತಿ ಹಲವು ಪಟ್ಟು ಹೆಚ್ಚಿ, ಜೀವಕೋಶಗಳ ಒಳಗೆ ಸವೆತವುಂಟಾಗಿ, ಒಡೆದ ಡಿಎನ್‌ಎ ತುಣುಕುಗಳು ಕೋಶರಸದಲ್ಲಿ ಸೇರುತ್ತವೆ. ಬೇರೆ ಸಸ್ತನಿಗಳಲ್ಲಿ ಅಂಥ ತುಣುಕುಗಳನ್ನು ಶತ್ರುವೆಂದು ಬಗೆದು ದೇಹ ಉರಿಯೂತವನ್ನು ಕೆರಳಿಸುತ್ತದೆ. ಬಾವಲಿಗಳಲ್ಲಿ ಆ ಎಚ್ಚರಿಕೆಯ ವ್ಯವಸ್ಥೆಯ ಒಂದು ಮುಖ್ಯ ಕೊಂಡಿ ಸಡಿಲವಾಗಿರುವುದನ್ನು 2018ರಲ್ಲಿ ಸಂಶೋಧಕರು ತೋರಿಸಿದರು. ಹೀಗಾಗಿ ಬಾವಲಿ ವೈರಸ್ಸನ್ನು ಪೂರ್ತಿ ಹೊರಗಟ್ಟದೆ, ಅತಿಯಾಗಿ ಕೆರಳದೆ, ಹದದಲ್ಲಿಟ್ಟುಕೊಂಡು ಬಾಳುತ್ತದೆ. ಹಲವು ಸೋಂಕುಗಳಲ್ಲಿ ಮನುಷ್ಯನನ್ನು ಬಹುಮಟ್ಟಿಗೆ ಕೊಲ್ಲುವುದು ವೈರಸ್ಸಿಗಿಂತಲೂ ಅದಕ್ಕೆ ದೇಹ ತೋರುವ ಅತಿರೇಕದ ಪ್ರತಿಕ್ರಿಯೆಯಾದ್ದರಿಂದ, ಬಾವಲಿಯ ಈ ಸಹನೆಯನ್ನು ಅರಿಯುವುದು ವೈದ್ಯಶಾಸ್ತ್ರಕ್ಕೂ ಲಾಭದಾಯಕವಾದುದು.

ಇಂದಿನ ಶೋಧವಿಧಾನ 1957ರದಕ್ಕಿಂತ ಪೂರ್ಣ ಬೇರೆಯಾಗಿದೆ. ಸಂಜೆಗತ್ತಲಿಗೆ ಬಾವಲಿಗಳು ಹೊರಡುವ ದಾರಿಯಲ್ಲಿ ಕಣ್ಣಿಗೆ ಬೀಳದಷ್ಟು ತೆಳು ನೂಲಿನ ಬಲೆಯನ್ನು ಎರಡು ಗಳುಗಳ ನಡುವೆ ಕಟ್ಟುತ್ತಾರೆ. ಸಿಕ್ಕಿದ ಬಾವಲಿಯನ್ನು ದಪ್ಪ ಕೈಗವಸು, ಮುಖಗವಸು, ಮೈಮುಚ್ಚುವ ಉಡುಪು ತೊಟ್ಟವರು ಬಿಡಿಸಿ ಬಟ್ಟೆಯ ಚೀಲಕ್ಕೆ ಹಾಕುತ್ತಾರೆ. ಮುಂಗೈಯಳತೆಯನ್ನೂ ತೂಕವನ್ನೂ ಬರೆದುಕೊಂಡು, ರೆಕ್ಕೆಯ ಪೊರೆಯಲ್ಲಿ ಎದ್ದು ಕಾಣುವ ಸಣ್ಣ ರಕ್ತನಾಳದಿಂದ ಕೆಲವೇ ಹನಿ ರಕ್ತವನ್ನೂ, ಗಂಟಲಿನಿಂದಲೂ ಗುದದಿಂದಲೂ ಹತ್ತಿಕಡ್ಡಿಯಲ್ಲಿ ದ್ರವವನ್ನೂ ತೆಗೆದುಕೊಂಡು, ಸಕ್ಕರೆನೀರು ಕುಡಿಸಿ ಹಾರಿಬಿಡುತ್ತಾರೆ. ಮಾದರಿಯನ್ನು ದ್ರವ ಸಾರಜನಕದ ಅತಿ ತಂಪಿನಲ್ಲಿಟ್ಟು ಒಯ್ಯಬೇಕು. ನಡುವೆ ತಂಪು ತಪ್ಪಿದರೆ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿಯ ಎಳೆ, ಹರಿದುಹೋಗಿ ಇಡೀ ರಾತ್ರಿಯ ಶ್ರಮ ವ್ಯರ್ಥವಾಗುತ್ತದೆ. ಪ್ರಯೋಗಾಲಯದಲ್ಲಿ ಒಂದು ವೈರಸ್ ಕುಟುಂಬದ ಎಲ್ಲ ಸದಸ್ಯರಲ್ಲಿಯೂ ಬದಲಾಗದೆ ಉಳಿದಿರುವ ವಂಶವಾಹಿಯ ತುಣುಕನ್ನು ಪಿಸಿಆರ್ ವಿಧಾನದಿಂದ ಕೋಟಿಗಟ್ಟಲೆ ಪ್ರತಿ ಮಾಡಿ ನೋಡಿದರೆ, ಹೆಸರಿಲ್ಲದ ಹೊಸ ಸದಸ್ಯನೂ ಸಿಕ್ಕಿಬೀಳುತ್ತಾನೆ. ಮಾದರಿಯಲ್ಲಿರುವ ಎಲ್ಲ ವಂಶವಾಹಿ ಎಳೆಗಳನ್ನೂ ಒಮ್ಮೆಗೇ ಓದಿ, ಕಂಪ್ಯೂಟರಿನಲ್ಲಿ ಜೋಡಿಸಿ, ಗೊತ್ತಿರುವ ವೈರಸ್‌ಗಳ ಭಂಡಾರದೊಡನೆ ಹೋಲಿಸುವ ವಿಧಾನವೂ ಈಗ ಸಾಮಾನ್ಯವಾಗಿದೆ. ಆದರೆ ಹೀಗೆ ಸಿಗುವುದು ಬಹುಪಾಲು ವಂಶವಾಹಿಯ ಪಠ್ಯ ಮಾತ್ರ. ಆ ವೈರಸ್ ಮನುಷ್ಯನ ಜೀವಕೋಶಕ್ಕೆ ಹೊಗಬಲ್ಲದೇ ಎಂಬುದು ಪಠ್ಯದಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಜೀವಂತ ವೈರಸ್ಸನ್ನು ಬೆಳೆಸಬೇಕಾದರೆ, 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆಯೆಂದು ಹೆಸರಾದ ಪುಣೆಯ ಅದೇ ಕೇಂದ್ರದಲ್ಲಿ 2012ರಲ್ಲಿ ಉದ್ಘಾಟನೆಯಾದ ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯದಂಥ ವ್ಯವಸ್ಥೆ ಬೇಕು.

ಆ ಸಂಸ್ಥೆಯ ವಿಜ್ಞಾನಿಗಳು ಮಹಾರಾಷ್ಟ್ರದಲ್ಲಿ ಹಿಡಿದ ರೌಸೆಟಸ್ ಬಾವಲಿಗಳಿಂದ ಮಾಲ್ಸೂರ್ ಎಂಬ ಹೊಸ ವೈರಸ್ಸನ್ನು ಬೇರ್ಪಡಿಸಿ 2014ರಲ್ಲಿ ವಿವರಿಸಿದರು. ಅದರ ಹತ್ತಿರದ ಬಂಧುಗಳಾಗಿ ಕಂಡವು ಚೀನಾದಲ್ಲಿಯೂ ಅಮೆರಿಕದಲ್ಲಿಯೂ ಮನುಷ್ಯರಿಗೆ ತೀವ್ರ ಜ್ವರ ತರುವ, ಉಣುಗುಗಳಿಂದ ಹರಡುವ ಎರಡು ವೈರಸ್‌ಗಳಾದರೂ, ಮಾಲ್ಸೂರ್‌ನಿಂದ ಮನುಷ್ಯರಿಗೆ ಕಾಯಿಲೆ ಬಂದುದು ಕಂಡುಬಂದಿಲ್ಲ. 2020ರ ಏಪ್ರಿಲ್‌ನಲ್ಲಿ ಪ್ರಕಟವಾದ ಇನ್ನೊಂದು ವರದಿ ಕೇರಳ, ತಮಿಳುನಾಡು, ಪುದುಚೇರಿ, ಹಿಮಾಚಲ ಪ್ರದೇಶಗಳ ಹಣ್ಣುಬಾವಲಿಗಳಲ್ಲಿ ಕೊರೊನಾವೈರಸ್‌ಗಳು ಇರುವುದನ್ನು ತಿಳಿಸಿತು. ಅವು ಕೋವಿಡ್ ತಂದ ವೈರಸ್ ಆಗಿರಲಿಲ್ಲ, ಮತ್ತು ಅದೇ ಅಧ್ಯಯನದಲ್ಲಿ ಕರ್ನಾಟಕದಿಂದ ತೆಗೆದ ಮಾದರಿಗಳಲ್ಲಿ ಯಾವ ಕೊರೊನಾವೈರಸ್ಸೂ ಸಿಗಲಿಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ, ಏಕೆಂದರೆ ಬಾವಲಿಗಳು ವೈರಸ್ಸನ್ನು ವರ್ಷದ ಎಲ್ಲ ಕಾಲದಲ್ಲಿಯೂ ಹೊರಸೂಸುವುದಿಲ್ಲ.

ಮಲೆನಾಡು ನಿಜವಾಗಿ ಎಚ್ಚರ ವಹಿಸಬೇಕಾದ ಬಾವಲಿಯ ವೈರಸ್ ನಿಪಾ. 1998–99ರಲ್ಲಿ ಮಲೇಷ್ಯಾದಲ್ಲಿ ಹಂದಿಗಳ ಮೂಲಕ ಜನರಿಗೆ ದಾಟಿ ಮೊದಲು ಬೆಳಕಿಗೆ ಬಂದ, 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ, 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರದಲ್ಲಿ ಕಾಣಿಸಿಕೊಂಡು 17 ಜನರ ಪ್ರಾಣ ತೆಗೆದ ಈ ವೈರಸ್ಸಿನ ಮೂಲನೆಲೆ ಹಾರುನರಿ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಾರುನರಿಗಳಲ್ಲಿ ನಿಪಾಕ್ಕೆ ಪ್ರತಿಕಾಯಗಳು ಕಂಡುಬಂದಿವೆ. ಬಾಂಗ್ಲಾದೇಶದಲ್ಲಿ ರಾತ್ರಿ ಈಚಲ ಮರಕ್ಕೆ ಕಟ್ಟಿದ ಗಡಿಗೆಯ ಹಸಿ ರಸವನ್ನು ಬಾವಲಿ ನೆಕ್ಕಿ, ಬೆಳಗ್ಗೆ ಅದನ್ನೇ ಜನ ಕುಡಿಯುವುದರಿಂದ ರೋಗ ಬರುತ್ತದೆಂದು ಸ್ಪಷ್ಟವಾಗಿ ತಿಳಿದಿದೆ. ಕೇರಳದಲ್ಲಿ ಮೊದಲ ರೋಗಿಗೆ ಅದು ಯಾವ ದಾರಿಯಿಂದ ಬಂದಿತೆಂಬುದು ನಿರ್ಧಾರವಾಗಿಲ್ಲ.

ಇಲ್ಲಿ ಅಡಿಕೆ ತೋಟದ ಒಂದು ನಿತ್ಯದ ಸಂಗತಿಯನ್ನು ಗಮನಿಸಬೇಕು. ಕೊನೆಕೊಯ್ಲು ತಡವಾಗಿ ಅಡಿಕೆ ಹಣ್ಣಾದರೆ ಹಣ್ಣುಬಾವಲಿಗಳು ರಾತ್ರಿ ಕೊನೆಗೆ ಬಿದ್ದು, ಕೆಂಪಾದ ಹಣ್ಣಡಿಕೆಯನ್ನು ಕಚ್ಚಿಕೊಂಡು ಹೋಗಿ, ತಮಗೆ ಒಗ್ಗಿದ ಮರದಲ್ಲಿ ನೇತಾಡಿಕೊಂಡು ಸಿಪ್ಪೆಯ ಸಿಹಿಯನ್ನು ಚೀಪಿ ಅಡಿಕೆಯನ್ನು ಕೆಳಗೆ ಉದುರಿಸುತ್ತವೆ. ಬೆಳಗ್ಗೆ ಆ ಮರದಡಿಯಲ್ಲಿ ಜೊಲ್ಲಿನಿಂದ ಒದ್ದೆಯಾದ, ಹಲ್ಲಿನ ಗೀರುಗಳಿರುವ, ನಾರು ಕೆದರಿದ ಅಡಿಕೆಗಳು ಗುಡ್ಡೆಯಾಗಿ ಬಿದ್ದಿರುತ್ತವೆ. ಅವುಗಳನ್ನು ಹೆಕ್ಕಿ ಒಣಗಿಸಿ ಗೋಟಿನೊಡನೆ, ಅಂದರೆ ಒಣಗಿಸಿದ ಹಣ್ಣಡಿಕೆಯೊಡನೆ, ಸೇರಿಸುವುದು ಹಳೆಯ ರೂಢಿ, ಹೆಕ್ಕುವವರು ಹೆಚ್ಚಾಗಿ ಮನೆಯ ಮಕ್ಕಳೂ ಕೂಲಿಯ ಹೆಂಗಸರೂ. ವೈರಸ್ ಹಣ್ಣಿನ ಮೇಲೆ ಬಿಸಿಲಿಗೆ ಬಹುಹೊತ್ತು ಉಳಿಯುವುದಿಲ್ಲವಾದ್ದರಿಂದ ವಾರಗಟ್ಟಲೆ ಒಣಗಿದ ಅಡಿಕೆಯ ವಿಷಯದಲ್ಲಿ ಗಾಬರಿ ಬೇಕಿಲ್ಲ. ಬೆಳಗಿನ ಹಸಿ ಅಡಿಕೆಯನ್ನು ಬರಿಗೈಯಲ್ಲಿ ಹೆಕ್ಕಿ ಅದೇ ಕೈಯಲ್ಲಿ ಕವಳ ಹಾಕುವುದನ್ನು ಬಿಡುವುದು, ಹೆಕ್ಕಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು, ಬಾವಲಿ ಕಚ್ಚಿದ ಪೇರಲ, ಸಪೋಟ, ಮಾವುಗಳನ್ನು ಕತ್ತರಿಸಿ ಒಳ್ಳೆಯ ಭಾಗವನ್ನು ಉಳಿಸಿಕೊಳ್ಳುವ ಅಭ್ಯಾಸವನ್ನು ಕೈಬಿಡುವುದು, ಸತ್ತ ಬಾವಲಿಯನ್ನು ಮುಟ್ಟದಿರುವುದು ಮತ್ತು ಕಾಯಿಲೆಗೆ ಮದ್ದೆಂದು ಬಾವಲಿಯ ಮಾಂಸ ತಿನ್ನದಿರುವುದು ಇಷ್ಟು ಸಾಕು.

ಭಯಗೊಂಡವರಿಗೆ ಮೊದಲು ಹೊಳೆಯುವುದು ಬಾವಲಿಗಳನ್ನು ಓಡಿಸುವ, ಮರ ಕಡಿಯುವ, ಗುಹೆಗೆ ಹೊಗೆ ಹಾಕುವ ಉಪಾಯ. ಅದು ಕ್ರೂರವಾದುದಷ್ಟೇ ಅಲ್ಲ, ರೋಗವನ್ನು ಹೆಚ್ಚಿಸುವಂಥದು ಎಂಬುದಕ್ಕೆ ಉಗಾಂಡದ ಕಿಟಾಕ ಗಣಿಯ ಉದಾಹರಣೆ ಸಾಕು. ಅಲ್ಲಿ 2007ರಲ್ಲಿ ಗಣಿಗಾರರಿಗೆ ಮಾರ್‌ಬರ್ಗ್ ಎಂಬ ಮಾರಕ ವೈರಸ್ ತಗುಲಿದ್ದರಿಂದ ಗಣಿಯೊಳಗಿನ ರೌಸೆಟಸ್ ಕುಲದ ಸಾವಿರಾರು ಬಾವಲಿಗಳನ್ನು ನಿರ್ಮೂಲ ಮಾಡಲಾಯಿತು. 2012ರ ವೇಳೆಗೆ ಹೊಸ ಬಾವಲಿಗಳು ಬಂದು ನೆಲೆಸಿದ್ದವು, ಸೋಂಕಿತ ಬಾವಲಿಗಳ ಪ್ರಮಾಣ ಹಿಂದಿದ್ದ ಸುಮಾರು ಶೇ. 5ರಿಂದ ಶೇ. 13ಕ್ಕೆ ಏರಿತ್ತು ಮತ್ತು ಆ ಸೀಮೆಯಲ್ಲಿ ಮಾರ್‌ಬರ್ಗ್ ಮತ್ತೆ ಜನರಲ್ಲಿ ಕಾಣಿಸಿಕೊಂಡಿತು. ರೋಗನಿರೋಧ ಬೆಳೆಸಿಕೊಂಡಿದ್ದ ಹಳೆಯ ಬಾವಲಿಗಳು ಸತ್ತು, ಸೋಂಕಿಗೆ ಸುಲಭವಾಗಿ ತುತ್ತಾಗುವ ಎಳೆಯವು ತುಂಬಿಕೊಂಡದ್ದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಕೋವಿಡ್‌ನ ಆರಂಭದಲ್ಲಿ ಭಾರತದಲ್ಲಿಯೂ ಬಾವಲಿಗಳ ಮೇಲೆ ದಾಳಿ ನಡೆದಾಗ, 2020ರ ಏಪ್ರಿಲ್‌ನಲ್ಲಿ ದಕ್ಷಿಣ ಏಷ್ಯಾದ ಆರು ದೇಶಗಳ 64 ಬಾವಲಿ ತಜ್ಞರು ಒಟ್ಟಾಗಿ ಹೇಳಿಕೆ ಕೊಟ್ಟು ಅದನ್ನು ತಡೆಯಬೇಕಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣುಬಾವಲಿಗಳನ್ನು ದಶಕಗಳ ಕಾಲ ಕಾಗೆ, ಇಲಿಗಳ ಜೊತೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಇಡಲಾಗಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿದ್ದು ತಡವಾಗಿಯಾದರೂ ಸರಿಯಾದ ಕ್ರಮ. ಆಲ, ಅತ್ತಿ, ಬಸರಿ, ನೇರಳೆಗಳ ಬೀಜವನ್ನು ಬೋಳುಗುಡ್ಡದವರೆಗೆ ಒಯ್ದು ಬಿತ್ತುವ, ಬೂರುಗ ಮತ್ತು ಹಿಪ್ಪೆಯ ಹೂಗಳ ಪರಾಗ ಸಾಗಿಸುವ, ಗದ್ದೆಯ ಕೀಟಗಳನ್ನು ರಾತ್ರಿಯಿಡೀ ತಿನ್ನುವ ಪ್ರಾಣಿಗೆ ಮಲೆನಾಡಿನ ಕಾಡು ಎಷ್ಟು ಋಣಿಯೆಂಬುದನ್ನು ಲೆಕ್ಕ ಹಾಕಿದವರು ಕಡಿಮೆ.

ವೈರಸ್ ಕಾಡಿನಿಂದ ಹೊರಬರುವುದಕ್ಕೂ ಕಾಡು ಬದಲಾಗುವುದಕ್ಕೂ ಇರುವ ನಂಟನ್ನು ಮೊದಲು ಒತ್ತಿ ಹೇಳಿದವರಲ್ಲಿ ಸಾಗರದಲ್ಲಿ ದುಡಿದ ಬೊಶೆಲ್ ಒಬ್ಬರು. ಕಾಡನ್ನು ಕಡಿದು ಗದ್ದೆ, ತೋಟ ಮಾಡಿದಲ್ಲಿ ಮುಳ್ಳುಪೊದೆ ಬೆಳೆದು, ದನಗಳು ಮೇಯಲು ಬಂದು, ದನದ ರಕ್ತದ ಮೇಲೆ ಉಣುಗುಗಳು ಮಿತಿಮೀರಿ ಹೆಚ್ಚಿ, ಹಿಂದೆ ಕಾಡಿನ ಒಳಗೇ ಮೌನವಾಗಿ ಸುತ್ತುತ್ತಿದ್ದ ವೈರಸ್ ಹೊರಗೆ ಬಂದಿತೆಂದು ಅವರು 1969ರಲ್ಲಿ ವಾದಿಸಿದರು. ಸಾಗರ ಮತ್ತು ಹೊಸನಗರಗಳ ಕಣಿವೆಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು, ಮುಳುಗಡೆಯ ಕುಟುಂಬಗಳು ಹೊಸ ಕಾಡಂಚುಗಳಲ್ಲಿ ನೆಲೆ ಹುಡುಕಿಕೊಂಡ ಕಾಲವೂ ಅದೇ. ಆಸ್ಟ್ರೇಲಿಯದಲ್ಲಿ ಚಳಿಗಾಲದ ಹೂಮರಗಳ ಕಾಡು ಕರಗಿದ ಮೇಲೆ ಹಸಿದ ಹಾರುನರಿಗಳು ಊರಿನ ಹತ್ತಿರ ಬಂದು, 1994ರಲ್ಲಿ ಮೊದಲು ಕಂಡ ಹೆಂಡ್ರಾ ವೈರಸ್ಸನ್ನು ಕುದುರೆಗಳಿಗೆ ದಾಟಿಸುವುದು ಹೆಚ್ಚಾಗಿದೆಯೆಂದೂ, ಕಾಡಿನ ಮರಗಳು ಚೆನ್ನಾಗಿ ಹೂಬಿಟ್ಟ ವರ್ಷ ಅಂಥ ದಾಟುವಿಕೆ ನಿಲ್ಲುತ್ತದೆಂದೂ 2022ರ ಅಧ್ಯಯನವೊಂದು ತೋರಿಸಿದೆ. ಹಣ್ಣಿನ ಮರಗಳಿದ್ದ ಸೊಪ್ಪಿನ ಬೆಟ್ಟ, ಕಾನುಗಳ ಜಾಗದಲ್ಲಿ ಬಾವಲಿಗೆ ಹಣ್ಣನ್ನೂ ಮಕರಂದವನ್ನೂ ಕೊಡದ ಅಕೇಶಿಯ ನೆಡುತೋಪು ಎಬ್ಬಿಸಿರುವ ಸೀಮೆಯಲ್ಲಿ ಬಾವಲಿಗಳು ಅಡಿಕೆ ತೋಟಕ್ಕೂ ಮನೆಯ ಹಿತ್ತಿಲಿಗೂ ಬಂದರೆ ಅವುಗಳನ್ನು ದೂರುವುದು ನ್ಯಾಯವಲ್ಲ.

ಮಂಗನ ಕಾಯಿಲೆಯೂ ಒಂದೆಡೆ ನಿಂತಿಲ್ಲ. ಬಹುಕಾಲ ಶಿವಮೊಗ್ಗ ಜಿಲ್ಲೆಯ ಕೆಲವೇ ತಾಲ್ಲೂಕುಗಳಲ್ಲಿದ್ದ ಅದು ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರುಗಳಿಗೆ ಹಬ್ಬಿ, 2012ರಲ್ಲಿ ಬಂಡೀಪುರದಲ್ಲಿಯೂ ಮುಂದಿನ ವರ್ಷಗಳಲ್ಲಿ ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. ಅದರ ಅತಿ ಹತ್ತಿರದ ಬಂಧುವಾದ ಅಲ್ಖುರ್ಮ ವೈರಸ್ 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಸಿಕ್ಕಿದ್ದು, ಈ ವೈರಸ್ ಕುಟುಂಬ ಸಾವಿರಾರು ಮೈಲಿ ದಾಟಿರುವುದಕ್ಕೆ ಸಾಕ್ಷಿ. ದಾಟಿಸಿದ್ದು ಹಕ್ಕಿಯೋ ಬಾವಲಿಯೋ ಜಾನುವಾರೋ ಎಂಬುದು ಇತ್ಯರ್ಥವಾಗದ ಪ್ರಶ್ನೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಲಿನ ಹಳ್ಳಿಗಳಲ್ಲಿ ರೋಗ ಭೀಕರವಾಗಿ ಎದ್ದು ಹಲವರ ಪ್ರಾಣ ತೆಗೆಯಿತು. ಅದುವರೆಗೆ ನೆಚ್ಚಿಕೊಂಡಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡುಬಂದು ಅದರ ಬಳಕೆ 2022ರಲ್ಲಿ ನಿಂತಿತು. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಹಚ್ಚಿಕೊಳ್ಳುವುದು, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಮೈಯೆಲ್ಲ ತಡವಿ ಉಣುಗು ಹುಡುಕುವುದು, ಮಂಗ ಸತ್ತರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಇಂದಿಗೂ ನಂಬಬಹುದಾದ ರಕ್ಷಣೆಗಳು.

ಈ ತಾಲ್ಲೂಕುಗಳಲ್ಲಿ ಮುಂದೆ ಆಗಬೇಕಾದ ಶೋಧದ ಕೆಲಸಕ್ಕೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ, 1969ರಲ್ಲಿ ವೈರಸ್ ಸಿಕ್ಕ ಲಾಳಮೂಗಿನ ಬಾವಲಿಗಳನ್ನೂ ಅವುಗಳ ಉಣುಗುಗಳನ್ನೂ ಇಂದಿನ ವಿಧಾನಗಳಿಂದ ಮತ್ತೆ ಪರೀಕ್ಷಿಸಿ, ಆ ಬಾವಲಿಗಳ ವೈರಸ್ಸಿನ ವಂಶವಾಹಿಯನ್ನು ಅರಳಗೋಡಿನ ರೋಗಿಗಳ, ತೀರ್ಥಹಳ್ಳಿಯ ಕಾಡಿನಲ್ಲಿ ಸತ್ತ ಮಂಗಗಳ, ಹೊಸನಗರದ ನೆಲದ ಉಣುಗುಗಳ ವೈರಸ್ಸಿನೊಡನೆ ಅಕ್ಷರ ಅಕ್ಷರವೂ ಹೋಲಿಸಿ ನೋಡಿದರೆ, ಎರಡು ಚಕ್ರಗಳು ಕೂಡುತ್ತವೆಯೇ ಎಂಬ ಹಳೆಯ ಪ್ರಶ್ನೆಗೆ ಉತ್ತರ ದೊರೆಯುವುದು ಸಾಧ್ಯ. ಬಾವಲಿಗಳನ್ನು ಕೊಲ್ಲದೆ, ಬಿಡಾರ ಕೆಡಿಸದೆ, ಮರಿಹಾಕುವ ಕಾಲವನ್ನು ತಪ್ಪಿಸಿ ಅದನ್ನು ಮಾಡಬಹುದು. ಇನ್ನೊಂದು ತುದಿ ಇರುವುದು ಮನುಷ್ಯರಲ್ಲಿ. ಪ್ರತಿವರ್ಷ ನವೆಂಬರ್‌ನಿಂದ ಮೇ ವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಜ್ವರದವರ ರಕ್ತದ ಮಾದರಿಗಳು ಶಿವಮೊಗ್ಗದ ವೈರಸ್ ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗುತ್ತವೆ; ಅವುಗಳಲ್ಲಿ ಮಂಗನ ಕಾಯಿಲೆಯಲ್ಲವೆಂದು ಫಲಿತಾಂಶ ಬಂದವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ಜ್ವರಕ್ಕೆ ಕಾರಣವೇನೆಂಬುದು ಮಾತ್ರ ಅನೇಕ ಸಲ ತಿಳಿಯುವುದಿಲ್ಲ. ಮಿದುಳುಜ್ವರದ, ರಕ್ತಸ್ರಾವದ ಲಕ್ಷಣಗಳಿದ್ದೂ ಹೆಸರು ಸಿಗದ ಅಂಥ ಮಾದರಿಗಳನ್ನು ಎಸೆಯದೆ, ರೋಗಿಯ ಒಪ್ಪಿಗೆ ಪಡೆದು ತಂಪಿನಲ್ಲಿ ಕಾಪಿಟ್ಟು, ನಿಪಾದಿಂದ ಹಿಡಿದು ಇನ್ನೂ ಹೆಸರಿಲ್ಲದ ವೈರಸ್‌ಗಳವರೆಗೆ ಹುಡುಕುವ ವ್ಯವಸ್ಥೆ ಮೊದಲು ಬೇಕಾಗಿರುವುದು ಇಲ್ಲಿ.